ಭಾವ್ ಬಾಯಿಪಾಠ, ಲೆಕ್ಕ ಮಾತ್ರ ಬರಲ್ಲ

ಶಿರೂರು, ಕಮತಗಿ, ಅಮೀನಗಡ ಕಡೆಯಿಂದ ದಿನಾ ಬಸ್ಸಿನಲ್ಲಿ ಬಾಗಲಕೋಟೆಗೆ ಬರುವವರು ನಾವು. ಐಪಿಎಲ್ ಶುರುವಾಯಿತೆಂದರೆ ನಮ್ಮ ಹುಡುಗರ ಭಾಷೆಯೇ ಬದಲಾಗುತ್ತದೆ. 'ಭಾವ್ ಎಷ್ಟ್ ನಡದೈತಿ?', 'ಲಗಾಯಿ ಬ್ಯಾಡಲೇ, ಖಾಯಿ ಮಾಡು', 'ಸೆಷನ್ ಎಸ್ ಮಾಡಿದ್ಯೋ ನಾಟ್ ಮಾಡಿದ್ಯೋ?' ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಕನ್ನಡದಲ್ಲಿ ರಜೆ ಚೀಟಿ ಬರೆಯೋಕೂ ತಡವರಿಸುವ ನಮ್ಮಂಥವರ ಬಾಯಲ್ಲಿ ಈ ಪದಗಳು ಮಾತ್ರ ನೀರು ಕುಡಿದಷ್ಟು ಸಲೀಸು. ಆದರೆ 'ಹಂಗಂದ್ರ ಏನು, ಬಿಡಿಸಿ ಹೇಳು' ಅಂತ ಕೇಳಿ ನೋಡ್ರಿ. ಬಹಳ ಮಂದಿ ಹಲ್ಲು ಕಿರಿದು ಮಾತು ಬದಲಿಸ್ತಾರೆ.

ಇದರ ಬಗ್ಗೆ ನಡೆಯುವ ಜಾಗೃತಿ ಭಾಷಣಗಳನ್ನೂ ಕೇಳಿದ್ದೇವೆ. ಜೂಜು ಕೆಟ್ಟದ್ದು, ಅಪರಾಧ, ಅಪ್ಪ-ಅವ್ವನಿಗೆ ನೋವಾಗುತ್ತದೆ, ಕೊನೆಗೆ ಗ್ರೂಪ್ ಫೋಟೋ. ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಆದರೆ ಆಡುವ ಹುಡುಗನ ತಲೆಯಲ್ಲಿರುವ ಪ್ರಶ್ನೆ ಬೇರೆ: 'ನನಗ ಕ್ರಿಕೆಟ್ ಗೊತ್ತೈತಿ, ಮತ್ಯಾಕ ಸೋಲ್ತೀನಿ?' ಅದಕ್ಕೆ ಉತ್ತರ ಆ ಪದಗಳ ಒಳಗೇ ಇದೆ. ಹಾಗಾಗಿ ಅವನ್ನು ಕೆಟ್ಟ ಮಾತು ಅಂತ ಮುಚ್ಚಿಡಬಾರದು, ಬೋರ್ಡ್ ಮೇಲೆ ಬರೆದು ಬಿಡಿಸಬೇಕು ಅನ್ನೋದು ನಮ್ಮ ವಾದ.

ಭಾವ್‌ನಿಂದಲೇ ಶುರು ಮಾಡೋಣ. ಭಾವ್ ಅಂದರೆ ದರ. ಭಾರತ ಫೇವರಿಟ್, ಭಾವ್ 30-32 ಅಂತ ಇಟ್ಟುಕೊಳ್ಳಿ. ಭಾರತ ಗೆಲ್ಲುತ್ತದೆ ಅಂತ 100 ರೂಪಾಯಿ ಹಚ್ಚಿದರೆ ಅದು ಲಗಾಯಿ: ಗೆದ್ದರೆ ಸಿಗೋದು 30, ಸೋತರೆ ಹೋಗೋದು 100. ಭಾರತ ಗೆಲ್ಲಲ್ಲ ಅಂತ ಆಡಿದರೆ ಖಾಯಿ: ಭಾರತ ಗೆದ್ದರೆ 32 ಕೊಡಬೇಕು, ಸೋತರೆ 100 ಸಿಗುತ್ತದೆ. ನಡುವಿನ ಆ 2 ಬುಕ್ಕಿಯದು. ನೋಡೋಕೆ ಚಿಲ್ಲರೆ.

ಈಗ ಲಗಾಯಿ ಮಾಡಿದವನ ಕಥೆ ನೋಡಿ. 10 ಸಲ ಗೆದ್ದರೆ 300 ಬಂತು. 3 ಸಲ ಸೋತರೆ 300 ಹೋಯ್ತು. ಅಂದರೆ 13 ಮ್ಯಾಚಿನಲ್ಲಿ 10 ಮ್ಯಾಚ್ ಸರಿಯಾಗಿ ಹೇಳಿದವನ ಕೈಯಲ್ಲಿ ಉಳಿಯೋದು ಸೊನ್ನೆ. ನೂರಕ್ಕೆ ಸುಮಾರು 77 ಸಲ ಸರಿ ಹೇಳಿದರೆ ಅವನು ಇದ್ದಲ್ಲೇ ಇರುತ್ತಾನೆ. ಸೆಮ್ ಎಕ್ಸಾಮಿನಲ್ಲಿ 77 ಬಂದರೆ ಮನೆಯಲ್ಲಿ ಹೋಳಿಗೆ ಮಾಡ್ತಾರೆ! 'ನನಗ ಕ್ರಿಕೆಟ್ ಗೊತ್ತು' ಅನ್ನೋದು ನಿಜವೇ ಇರಬಹುದು, ಆದರೆ ಆ ಗೊತ್ತಿರೋದಕ್ಕೆ ದರದಲ್ಲಿ ಮೊದಲೇ ಬೆಲೆ ಕಟ್ಟಿಬಿಟ್ಟಿರುತ್ತಾರೆ. ಭಾರತ ಬಲವಾದ ತಂಡ ಅನ್ನೋದು ನಮಗಿಂತ ಮೊದಲು ಬುಕ್ಕಿಗೆ ಗೊತ್ತು.

ಆಪ್‌ಗಳಲ್ಲಿ ಇದನ್ನೇ ಆಡ್ಸ್ ಅಂತಾರೆ, 1.90 ಅಂತ ತೋರಿಸುತ್ತಾರೆ. 100 ಇಟ್ಟರೆ, ಗೆದ್ದಾಗ ನಿನ್ನ 100 ಸೇರಿ 190 ವಾಪಸ್. ಟಾಸ್ ಮೇಲೂ ಹೀಗೆ ಆಡಿಸುತ್ತಾರೆ, ಎರಡೂ ಕಡೆ 1.90. ನಾಣ್ಯಕ್ಕೆ ಎರಡೇ ಮುಖ, ಹಾಗಾದರೆ ನ್ಯಾಯವಾಗಿ 2.00 ಇರಬೇಕಿತ್ತಲ್ಲ? ಮ್ಯಾಥ್ಸ್‌ನಲ್ಲಿ ಎಕ್ಸ್‌ಪೆಕ್ಟೇಷನ್ ಅಂತ ಮಾರ್ಕ್ಸಿಗಾಗಿ ಉರು ಹೊಡೀತೀವಲ್ಲ, ಅದು ಇಲ್ಲಿ ಬೇಕು. 190ರ ಅರ್ಧ 95. ಪ್ರತಿ 100ಕ್ಕೆ 5 ರೂಪಾಯಿ ಆಡಿಸುವವನ ಪಾಲು, ಇದಕ್ಕೇ ಮಾರ್ಜಿನ್ ಅನ್ನೋದು. ಆಪ್‌ನ ಪರದೆ ಮೇಲೆ ಎಲ್ಲ ಪದವೂ ಮಿಂಚುತ್ತವೆ, ಇದೊಂದು ಮಾತ್ರ ಕಾಣಲ್ಲ.

ನಾಲ್ಕು ಮ್ಯಾಚ್ ಒಂದೇ ಚೀಟಿಯಲ್ಲಿ ಸೇರಿಸಿ ಆಡೋದು ಮಲ್ಟಿ. ನಾಲ್ಕೂ ಗೆದ್ದರೆ ಮಾತ್ರ ದುಡ್ಡು, ಆದರೆ ದೊಡ್ಡ ದುಡ್ಡು. ಪ್ರತಿಯೊಂದರಲ್ಲೂ 100ಕ್ಕೆ 95 ಉಳಿದರೆ, ನಾಲ್ಕು ಸಲ ಗುಣಿಸಿದಾಗ ಉಳಿಯೋದು ಸುಮಾರು 81 ರೂಪಾಯಿ 50 ಪೈಸೆ. ಕಡಿತ 18 ದಾಟಿತು. ಈ ಅಂಕಿ ನೋಡಿದಾಗ ನಮಗೆ ನೆನಪಾದದ್ದು ಓಸಿ.

ಓಸಿ ಗೊತ್ತಿಲ್ಲದವರು ನಮ್ಮ ಕಡೆ ಯಾರಿದ್ದಾರೆ? ಓಪನ್, ಕ್ಲೋಸ್, ಜೋಡಿ ಅನ್ನುವ ಪದಗಳು ಕಟ್ಟೆ ಮೇಲೆ ಕೂತ ಹಿರಿಯರಿಗೂ ಗೊತ್ತು. ನ್ಯೂಯಾರ್ಕ್ ಹತ್ತಿ ಮಾರುಕಟ್ಟೆಯಿಂದ ಮುಂಬೈಗೆ ಬರುತ್ತಿದ್ದ ಆರಂಭದ ದರ, ಮುಕ್ತಾಯದ ದರದ ಮೇಲೆ ಬಾಜಿ ಕಟ್ಟುತ್ತಿದ್ದರು. ಆ ದರಗಳಿಂದಲೇ ಓಪನ್-ಕ್ಲೋಸ್ ಅನ್ನೋ ಹೆಸರು ಹುಟ್ಟಿತು. ಆಮೇಲೆ 1960ರ ದಶಕದಲ್ಲಿ ಅಲ್ಲಿ ಮಡಕೆಯಿಂದ ಚೀಟಿ ಎತ್ತೋದು ಶುರುವಾಗಿ ಅದು ಮಟ್ಕಾ ಆಯಿತು. ಹತ್ತಿ ಬೆಳೆಯುವ ಸೀಮೆಗೆ ಹತ್ತಿ ಬಾಜಾರದ ಜೂಜು ಬಂದು ಕೂತದ್ದು ಒಂಥರಾ ವಿಚಿತ್ರವೇ.

ಪೊಲೀಸರು ಓಸಿ ಬರೆಯುವವರನ್ನು ಹಿಡಿದ ಸುದ್ದಿಗಳಲ್ಲಿ '1 ರೂಪಾಯಿಗೆ 80 ರೂಪಾಯಿ' ಅನ್ನುವ ಮಾತು ಬರುತ್ತಿರುತ್ತದೆ. ಜೋಡಿ ಅಂದರೆ 00ಯಿಂದ 99ರವರೆಗೆ 100 ನಂಬರು. ನ್ಯಾಯವಾಗಿ 1ಕ್ಕೆ 100 ಬರಬೇಕು, ಕೊಡೋದು 80. ಕಡಿತ 20. ಮಲ್ಟಿಯಲ್ಲಿ 18 ಚಿಲ್ಲರೆ! ಇಂಗ್ಲಿಷ್ ಹೆಸರು, ನೀಲಿ ಬಟನ್ನು, ಪರದೆ ತುಂಬ ಗ್ರಾಫು ಇದ್ದರೂ ಒಳಗಿರೋದು ಅಜ್ಜನ ಕಾಲದ ಓಸಿ ಚೀಟಿಯೇ. 'ಓಸಿ ಆಡೋರು ದಡ್ಡರು, ನಾವು ಅನಾಲಿಸಿಸ್ ಮಾಡ್ತೀವಿ' ಅನ್ನುವ ಗೆಳೆಯರು ಇದನ್ನು ಸ್ವಲ್ಪ ಯೋಚಿಸಲಿ.

'ಹಂಗಾದ್ರ ಒಂದೇ ಮ್ಯಾಚ್ ಆಡಿದ್ರ 5 ರೂಪಾಯಿ ಅಷ್ಟ ಅಲ್ಲ?' ಅಂತ ಕೇಳಬಹುದು. ಇಲ್ಲೇ ಇರೋದು ಮಜಾ. ಓಸಿ ನಂಬರು ದಿನಕ್ಕೆ ಕೆಲವೇ ಸಲ ಬರುತ್ತದೆ. ಅಲ್ಲಿಯವರೆಗೆ ಚೀಟಿ ಬರೆಸಿದವನು ಎಮ್ಮೆ ಮೇಯಿಸಿಯಾನು, ನಿದ್ದೆ ಮಾಡಿಯಾನು. ಫೋನಿನಲ್ಲಿ ಹಾಗಿಲ್ಲ. ಟಿ-20 ಇನಿಂಗ್ಸಿನಲ್ಲಿ 120 ಬಾಲು, ಬಾಲಿಗೊಮ್ಮೆ ಭಾವ್ ಬದಲು. ಅದೇ 500 ರೂಪಾಯಿ ಒಂದು ರಾತ್ರಿಯಲ್ಲಿ 20 ಸಲ ತಿರುಗಿದರೆ ಹಚ್ಚಿದ ಒಟ್ಟು ದುಡ್ಡು 10,000. ಅದರ ನೂರಕ್ಕೆ 5 ಅಂದರೆ 500. ಕಡಿತ ಸಣ್ಣದು, ಆದರೆ ಸರಾಸರಿ ಲೆಕ್ಕದಲ್ಲಿ ಪೂರ್ತಿ 500 ಅವರದೇ. '500 ಬೋನಸ್ ಫ್ರೀ, 20 ಸಲ ಆಡಿದ ಮೇಲೆ ತೆಗೆದುಕೊಳ್ಳಿ' ಅನ್ನುವಂಥ ಆಫರ್ ಬಂದರೆ ಇದೇ ಲೆಕ್ಕ ಹಾಕಿ ನೋಡಿ. ಯಾರೂ ಏನೂ ಫ್ರೀ ಕೊಟ್ಟಿಲ್ಲ.

ಸೆಷನ್ ಅಥವಾ ಫ್ಯಾನ್ಸಿ ಅಂದರೆ ಮ್ಯಾಚ್ ಯಾರು ಗೆಲ್ತಾರೆ ಅನ್ನೋದಲ್ಲ, ಮೊದಲ 6 ಓವರಿಗೆ ಎಷ್ಟು ರನ್, ಈ ಬ್ಯಾಟ್ಸ್‌ಮನ್ ಎಷ್ಟು ಹೊಡೀತಾನೆ, ಹೀಗೆ. 47-49 ಅಂತ ಕೊಟ್ಟರೆ 49 ಆಗುತ್ತದೆ ಅನ್ನುವವನು ಎಸ್, 47 ಆಗಲ್ಲ ಅನ್ನುವವನು ನಾಟ್. 48 ಆದರೆ? ಇಬ್ಬರೂ ಸೋತರು. ಇದರಲ್ಲಿ ಕಡಿತಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಮ್ಯಾಚ್ ಸೋಲಿಸೋಕೆ ಹನ್ನೊಂದು ಮಂದಿ ಬೇಕಾಗಬಹುದು, ಒಂದು ಸೆಷನ್ ಕೆಡಿಸೋಕೆ ಒಬ್ಬನೋ ಇಬ್ಬರೋ ಸಾಕು. 2019ರ ಕರ್ನಾಟಕ ಪ್ರೀಮಿಯರ್ ಲೀಗ್ ನೆನಪಿಸಿಕೊಳ್ಳಿ. ಹುಬ್ಬಳ್ಳಿ ಟೈಗರ್ಸ್ ಮತ್ತು ಬಳ್ಳಾರಿ ಟಸ್ಕರ್ಸ್ ನಡುವಿನ ಫೈನಲ್‌ನಲ್ಲಿ ನಿಧಾನವಾಗಿ ಬ್ಯಾಟ್ ಮಾಡಲು ದುಡ್ಡು ಪಡೆದರು ಎಂಬ ಆರೋಪದ ಮೇಲೆ ಬೆಂಗಳೂರಿನ ಸಿಸಿಬಿ ಪೊಲೀಸರು ಆ ನವೆಂಬರಿನಲ್ಲಿ ಬಳ್ಳಾರಿ ತಂಡದ ಇಬ್ಬರು ಆಟಗಾರರನ್ನು ಬಂಧಿಸಿದ್ದರು. 2022ರ ಜನವರಿಯಲ್ಲಿ ಹೈಕೋರ್ಟ್, ಫಿಕ್ಸಿಂಗ್ ಅನ್ನೋದು ಐಪಿಸಿ 420ರ ವಂಚನೆಯ ವ್ಯಾಖ್ಯೆಗೆ ಬರುವುದಿಲ್ಲ, ಕ್ರಮ ಕೈಗೊಳ್ಳಬೇಕಾದ್ದು ಕ್ರಿಕೆಟ್ ಮಂಡಳಿ ಅಂತ ಹೇಳಿ ಕೇಸು ರದ್ದು ಮಾಡಿತು. ಆರೋಪ ಆರೋಪವಾಗಿಯೇ ಉಳಿಯಿತು. ಆದರೆ ಒಂದು ಯೋಚನೆ ಬರುತ್ತದೆ: ನಮ್ಮದೇ ಊರುಗಳ ಹೆಸರಿನ ತಂಡಗಳ ಆಟದಲ್ಲಿ ಒಬ್ಬ ನಿಧಾನ ಆಡಿದರೆ ಅದಕ್ಕೆ ಪಿಚ್ ಕಾರಣವೋ, ಸೆಷನ್ ಕಾರಣವೋ ಅಂತ ಅನುಮಾನ ಪಡುವ ಸ್ಥಿತಿಗೆ ನಾವು ಬಂದೆವು. ಜಾತ್ರೆಯ ತೇರಬಂಡಿ ಸ್ಪರ್ಧೆಯಲ್ಲಿ ಎತ್ತು ನಿಂತರೆ ಎತ್ತು ದಣಿದಿದೆ ಅಂತೀವಿ, ಬೇರೇನೂ ಅನ್ನಲ್ಲ.

ಸ್ಕಿಲ್ ಗೇಮ್ ಅನ್ನುವ ಪದ ಈಗ ಹಳೆಯದಾಯ್ತು. 2025ರ ಆಗಸ್ಟಿನಲ್ಲಿ ಬಂದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲವೋ ಅದೃಷ್ಟವೋ ಅಂತ ನೋಡುವುದಿಲ್ಲ, ದುಡ್ಡು ಹಚ್ಚಿ ಆಡುವ ಆನ್‌ಲೈನ್ ಆಟ ಎಲ್ಲವೂ ನಿಷೇಧ. ಅದಾದ ಮೇಲೆ ಡ್ರೀಮ್11 ದುಡ್ಡಿನ ಆಟ ನಿಲ್ಲಿಸಿತು, ಭಾರತ ತಂಡದ ಜೆರ್ಸಿಯಿಂದಲೂ ಆ ಹೆಸರು ಹೋಯಿತು. ಆದರೆ ಪದಗಳು ಹೋಗಿಲ್ಲ. ಹೊಸ ಪದ ಐಡಿ. ವಾಟ್ಸ್ಯಾಪ್‌ನಲ್ಲೋ ಟೆಲಿಗ್ರಾಮ್‌ನಲ್ಲೋ ಯಾರೋ ಐಡಿ ಕೊಡ್ತಾನೆ, ಯಾವುದೋ ದೇಶದ ಸೈಟು, ದಿನಕ್ಕೊಂದು ಯುಪಿಐ. ಅವನೇ ಆಮೇಲೆ 'ನಿನ್ನ ಅಕೌಂಟ್ ಬಾಡಿಗಿಗೆ ಕೊಡು, ಕಮಿಷನ್ ಕೊಡ್ತೀನಿ' ಅಂತಾನೆ. ಕೊಟ್ಟ ದಿನದಿಂದ ನೀನು ಆಡುವವನಲ್ಲ, ದುಡ್ಡು ಸಾಗಿಸುವವನು. ಸ್ಕಾಲರ್‌ಶಿಪ್ ಬರುವ ಅಕೌಂಟ್ ಫ್ರೀಜ್ ಆದ ಮೇಲೆ ಬ್ಯಾಂಕಿಗೆ, ಯಾವುದೋ ರಾಜ್ಯದ ಠಾಣೆಗೆ ಅಲೆಯುವ ಪಾಡು ಅವನಿಗಿಲ್ಲ, ನಿನಗೆ.

ಕೊನೆಯ ಪದ ಕವರ್. ನಮಗೆ ಗೊತ್ತಿರುವ ಒಬ್ಬ ಹುಡುಗ ಫೀಸಿನ ಎರಡನೇ ಕಂತು ಕಳೆದುಕೊಂಡಾಗ ಹೇಳಿದ್ದು ಇದೊಂದೇ: 'ಕವರ್ ಮಾಡಿಬಿಡ್ತೀನಿ.' ಸಾಲದ ಆಪ್‌ನಿಂದ ದುಡ್ಡು ತಂದು ಡಬಲ್ ಹಚ್ಚಿದ. ನಾಣ್ಯಕ್ಕೆ ಹಿಂದಿನ ಟಾಸ್ ನೆನಪಿರುವುದಿಲ್ಲ ಅನ್ನೋದು ಅವನಿಗೂ ಗೊತ್ತಿತ್ತು, ಇಂಟರ್ನಲ್ಸ್‌ನಲ್ಲಿ ಬರೆದಿದ್ದ. ಮನೆಯಲ್ಲಿ ಹೇಳದೆ ಮೂರು ತಿಂಗಳು ತಳ್ಳಿದ್ದಕ್ಕೆ ಕಾರಣ ನಾಚಿಕೆ ಅಷ್ಟೇ ಅಲ್ಲ, ಜೈಲಿನ ಭಯ. ಆ ಕೇಂದ್ರ ಕಾಯ್ದೆ ಶಿಕ್ಷೆ ಇಟ್ಟಿರೋದು ಆಡಿಸುವವನಿಗೆ, ಜಾಹೀರಾತು ಮಾಡುವವನಿಗೆ, ದುಡ್ಡಿನ ವ್ಯವಹಾರ ನಡೆಸಿಕೊಡುವವನಿಗೆ. ಬರೀ ಆಡಿದವನಿಗೆ ಅದರಲ್ಲಿ ಶಿಕ್ಷೆ ಇಲ್ಲ. ಇದನ್ನು ಯಾವ ಭಾಷಣದಲ್ಲೂ ಅವನಿಗೆ ಯಾರೂ ಹೇಳಿರಲಿಲ್ಲ. ಸೈಟಿನವರು ದುಡ್ಡು ನುಂಗಿದರೆ 1930ಕ್ಕೆ ಫೋನ್ ಮಾಡಬಹುದು. ರಾತ್ರಿ ನಿದ್ದೆ ಬಾರದೆ ತಲೆ ಕೆಟ್ಟರೆ ಟೆಲಿ-ಮಾನಸ್ 14416 ಇದೆ, ಅಲ್ಲಿ ಕನ್ನಡದಲ್ಲೇ ಮಾತಾಡ್ತಾರೆ.