ಬಸ್ ಸ್ಟ್ಯಾಂಡ್ ಬೆಂಚಿನಿಂದ: ‘ಗಂಟಿಗೆ ಎಂತ ತಂದಿರಿ?’

ಬೈಂದೂರಿನ ಕಡೆಯಿಂದ ಒಂದು ಪತ್ರ ಬಂದಿದೆ, ಓದುಗ ಮಿತ್ರರೇ. ಬರೆದವರು ಅಭಿಮಾನಿ ಸಂಘವೊಂದರ ಹುಡುಗರು. ಯಾವ ತಾರೆಯ ಸಂಘ ಅಂತ ಮಾತ್ರ ಕೇಳಬೇಡಿ. ಒಬ್ಬರ ಹೆಸರು ಬರೆದರೆ ಮುಂದಿನ ವಾರ ಉಳಿದೆಲ್ಲ ತಾರೆಯರ ಸಂಘದವರು ನನಗೆ ಪುಟಗಟ್ಟಲೆ ಬೈದು ಬರೆಯುತ್ತಾರೆ. ಸಂಪಾದಕರಿಗೆ ಅದು ಸಂತೋಷ, ನನಗಲ್ಲ!

ವಿಷಯ ಇಷ್ಟು. ತಾರೆಯ ಹುಟ್ಟುಹಬ್ಬ ಆಸಾಡಿ ತಿಂಗಳಲ್ಲಿ ಬಿತ್ತು. ಕಟೌಟ್ ಬಂದಿತ್ತು. ಅಭಿಷೇಕಕ್ಕೆ ಹಾಲಿನ ಪ್ಯಾಕೆಟ್ಟು, ಬ್ಯಾಂಡ್ ಸೆಟ್ಟು ಎಲ್ಲಕ್ಕೂ ಅಡ್ವಾನ್ಸ್ ಕೊಟ್ಟಾಗಿತ್ತು. ಎರಡು ದಿನ ಮುಂಚೆ ಸೌಪರ್ಣಿಕಾ ಉಕ್ಕಿತು. ಹುಡುಗರು ಒಳ್ಳೆಯವರು, ಕಟೌಟನ್ನು ಮಡಚಿಟ್ಟರು. ಉಳಿದ ಹಣಕ್ಕೆ ಇನ್ನಷ್ಟು ಚಂದಾ ಸೇರಿಸಿ ಬ್ರೆಡ್ಡು, ಬಿಸ್ಕತ್ತು, ಕುಚ್ಚಲಕ್ಕಿ, ಕಂಬಳಿ ಕೊಂಡು ದೋಣಿ ಹತ್ತಿದರು. ಒಂದು ಮನೆಯ ಜಗಲಿಯಲ್ಲಿ ಅಜ್ಜಿಯೊಬ್ಬರು ಕೂತಿದ್ದಾರೆ. ಪಕ್ಕದಲ್ಲೇ ಒಂದು ದನ, ಒಂದು ಕರು. ಮೆಟ್ಟಿಲ ತುದಿಯಲ್ಲಿ ನೆನೆದು ನಡುಗುವ ನಾಯಿ. ಹಟ್ಟಿ ಪೂರ್ತಿ ನೀರೊಳಗೆ. ಹುಡುಗರು ಬ್ರೆಡ್ ಚಾಚಿದರೆ ಅಜ್ಜಿ ಕೈ ಮುಂದೆ ಮಾಡಲೇ ಇಲ್ಲ.

“ನಂಗ್ ಬ್ಯಾಡ ಮಕ್ಳೆ. ಗಂಟಿಗೆ ಎಂತ ತಂದಿರಿ?”

ದಡಕ್ಕೆ ಬನ್ನಿ ಅಜ್ಜಿ ಅಂದರೆ, “ಇದನ್ ಬಿಟ್ಟ್ ನಾ ಎಲ್ಲಿಗೂ ಬತ್ತಿಲ್ಲೆ” ಅಂತ ಮುಖ ತಿರುಗಿಸಿಬಿಟ್ಟರಂತೆ. ಹುಡುಗರ ಪ್ರಶ್ನೆ: “ಸಾರ್, ಅಷ್ಟೊಂದು ಕಷ್ಟಪಟ್ಟು ಹೋದ್ರೂ ನಮ್ದೇ ತಪ್ಪು ಅನ್ನೋ ಹಾಗೆ ಆಯ್ತು. ನಾವು ಮಾಡಿದ್ದು ತಪ್ಪಾ?”

ತಪ್ಪಲ್ಲ, ತಮ್ಮಂದಿರಾ. ಆದರೆ ಅಜ್ಜಿ ಕೇಳಿದ್ದು ಸರಿ.

ಕುಂದಾಪುರದಿಂದ ಬೈಂದೂರಿಗೆ ಬಸ್ಸಿನಲ್ಲಿ ಹೋಗುವವರು ಮರವಂತೆ ಬಂದಾಗ ಕಿಟಕಿ ಬಿಟ್ಟು ಈಚೆ ನೋಡುವುದಿಲ್ಲ. ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ಹೆದ್ದಾರಿ. ಕ್ಯಾಮೆರಾ ಇಡಲು ಇದಕ್ಕಿಂತ ಜಾಗ ಬೇಕೇ! ಮಳೆಗಾಲದ ಕಥೆಯೇ ಬೇರೆ. ಘಟ್ಟದ ನೀರು ಇಳಿಯುವ ಹೊತ್ತಿಗೆ ಕಡಲೂ ಉಬ್ಬರದಲ್ಲಿದ್ದರೆ ಹೊಳೆ ಎಲ್ಲಿಗೆ ಹೋಗಬೇಕು? ಗದ್ದೆಗೆ ಹತ್ತುತ್ತದೆ, ಅಲ್ಲಿಂದ ಅಂಗಳಕ್ಕೆ. ನಾವುಂದದ ಸಾಲ್ಬುಡ, ಬಡಾಕೆರೆ, ನಾಡ ಕಡೆಯ ತಗ್ಗಿನ ಮನೆಯವರಿಗೆ ಆಗ ದೋಣಿಯೇ ಬಸ್ಸು. ಬ್ರಹ್ಮಾವರದವರೂ 2020ರ ಸೆಪ್ಟೆಂಬರ್ 20ರ ಭಾನುವಾರವನ್ನು ಮರೆತಿರಲಾರರು. ರಾತ್ರಿ ಬೆಳಗಾಗುವುದರೊಳಗೆ ಸೀತಾ, ಸ್ವರ್ಣಾ ಹೊಳೆಗಳು ಮನೆಬಾಗಿಲಿಗೆ ಬಂದಿದ್ದವು. ಮರುವರ್ಷ ಮೇ 15ಕ್ಕೆ ತೌಕ್ತೆ ಚಂಡಮಾರುತ. ಲಾಕ್‌ಡೌನ್ ಬೇರೆ. ಕಡಲತಡಿಯವರು ಮನೆಯೊಳಗೂ ಇರುವ ಹಾಗಿಲ್ಲ, ಹೊರಗೂ ಹೋಗುವ ಹಾಗಿಲ್ಲ.

ಚಂಡಮಾರುತಕ್ಕೂ ಸಿನಿಮಾ ಮಂದಿಗೂ ನಂಟು ಹಳೆಯದು. 1977ರ ನವೆಂಬರ್ 19ರಂದು ಆಂಧ್ರದ ದಿವಿಸೀಮೆಯನ್ನು ಕಡಲು ನುಂಗಿತು. ಹತ್ತು ಸಾವಿರಕ್ಕೂ ಹೆಚ್ಚು ಜನ ಹೋದರು. ಆಗ ಎನ್.ಟಿ. ರಾಮರಾವ್, ಅಕ್ಕಿನೇನಿ ನಾಗೇಶ್ವರರಾವ್ ಇಬ್ಬರೂ ಬೀದಿಗಿಳಿದು ಜೋಳಿಗೆ ಚಾಚಿದರು. ತೆರೆಯ ಮೇಲೆ ಕೃಷ್ಣನಾಗಿ ವರ ಕೊಟ್ಟವರು ಬೀದಿಯಲ್ಲಿ ಭಿಕ್ಷೆ ಬೇಡಿದರೆ ಯಾರು ಇಲ್ಲ ಅಂದಾರು? ನಮ್ಮ ಅಣ್ಣಾವ್ರು ರಸಮಂಜರಿಗಳಲ್ಲಿ ಹಾಡಿ ಎಷ್ಟೋ ಒಳ್ಳೆಯ ಕೆಲಸಗಳಿಗೆ ಹಣ ಕೂಡಿಸಿಕೊಟ್ಟರು. ತಾರೆ ಕರೆದರೆ ಜನ ಕೊಡುತ್ತಾರೆ, ಇದು ಹೊಸ ವಿಷಯವೇನಲ್ಲ.

ಮೂಕಪ್ರಾಣಿಗೆ ಕೊಡುತ್ತಾರೆಯೇ? ಅದಕ್ಕೂ ಉತ್ತರ ಸಿಕ್ಕಿದೆ. 2021ರ ಜೂನ್‌ನಲ್ಲಿ ಕೋವಿಡ್‌ನಿಂದ ಮೃಗಾಲಯಗಳ ಬಾಗಿಲು ಮುಚ್ಚಿ, ಟಿಕೆಟ್ ದುಡ್ಡು ನಿಂತುಹೋಗಿತ್ತು. ನಟ ದರ್ಶನ್ ಪ್ರಾಣಿಗಳನ್ನು ದತ್ತು ತೆಗೆದುಕೊಳ್ಳಿ ಎಂದು ಅಭಿಮಾನಿಗಳನ್ನು ಕೇಳಿಕೊಂಡರು. ಕೆಲವೇ ದಿನಗಳಲ್ಲಿ ಒಂದು ಕೋಟಿ ರೂಪಾಯಿಯ ಮೇಲೆ ಕೂಡಿತು. ಆನೆಗೆ ವರ್ಷಕ್ಕೆ ಲಕ್ಷದ ಮೇಲೆ. ಅದಾಗದವರು ಸಾವಿರ ರೂಪಾಯಿಗೆ ಲವ್ ಬರ್ಡ್ಸ್ ದತ್ತು ಪಡೆದರು. ಅದೇ ನಟ 2024ರ ಜೂನ್‌ನಲ್ಲಿ ಕೊಲೆ ಪ್ರಕರಣವೊಂದರಲ್ಲಿ ಬಂಧಿತರಾದಾಗ, “ಆ ಪುಣ್ಯವೆಲ್ಲ ಎಲ್ಲಿ ಹೋಯ್ತು?” ಅಂತ ಒಬ್ಬರು ಇದೇ ಬೆಂಚಿನ ಮೇಲೆ ನನ್ನನ್ನು ಕೇಳಿದರು. ಎಲ್ಲಿಗೆ ಹೋಗುತ್ತದೆ ಮಾರಾಯ್ರೆ? ಆ ಸಾವಿರ ರೂಪಾಯಿ ಕೊಟ್ಟವನು ಯಾವುದೋ ಊರಿನ ಆಟೋ ಡ್ರೈವರು. ಕಾಳು ತಿಂದದ್ದು ಹಕ್ಕಿ. ಲೆಕ್ಕ ಅವರಿಬ್ಬರದ್ದು.

ಉಡುಪಿಯ ರಕ್ಷಿತ್ ಶೆಟ್ಟಿ ಅಭಿನಯದ ‘777 ಚಾರ್ಲಿ’ 2022ರಲ್ಲಿ ಬಂತಲ್ಲ, ಆಗ ಟಾಕೀಸಿನಿಂದ ಹೊರಬಂದವರ ಕಣ್ಣುಗಳನ್ನು ನೋಡಬೇಕಿತ್ತು. ಲಾಭದಲ್ಲಿ ನೂರಕ್ಕೆ ಐದು ಪಾಲು ನಾಯಿಗಳ, ಪ್ರಾಣಿಗಳ ಸೇವೆ ಮಾಡುವವರಿಗೆ ಎಂದು ಚಿತ್ರತಂಡ ಹೇಳಿತು. ಸಂತೋಷ. ಆದರೆ ಚಾರ್ಲಿಗೆ ಅತ್ತವರೇ ನೆರೆ ಬಂದಾಗ ಮನೆಯ ನಾಯಿಯನ್ನು ಸರಪಳಿಯಲ್ಲೇ ಬಿಟ್ಟು ದೋಣಿ ಹತ್ತುವುದೂ ಉಂಟು. ಬೇಕೆಂದು ಮಾಡುವುದಲ್ಲ ಅದು, ಗಾಬರಿ. ದೋಣಿಯಲ್ಲಿ ಜಾಗವಿಲ್ಲ, ಗಂಜಿಕೇಂದ್ರದಲ್ಲಿ ಸೇರಿಸುವುದಿಲ್ಲ.

ಅಮೆರಿಕದವರೂ ಹಾಗೇ ಮಾಡಿ ಕೆಟ್ಟರು. 2005ರ ಕತ್ರಿನಾ ಚಂಡಮಾರುತದಲ್ಲಿ ನಾಯಿ ಬೆಕ್ಕು ಬಿಟ್ಟು ಬರುವುದಿಲ್ಲ ಎಂದು ಎಷ್ಟೋ ಜನ ಮನೆಯಲ್ಲೇ ಉಳಿದರು. ಪ್ರಾಣಿಯನ್ನು ಉಳಿಸದಿದ್ದರೆ ಮನುಷ್ಯನನ್ನೂ ಉಳಿಸಲಾಗದು ಎಂದು ಗೊತ್ತಾದ ಮೇಲೆ, ಸಾಕುಪ್ರಾಣಿಗಳನ್ನೂ ಲೆಕ್ಕಕ್ಕೆ ಹಿಡಿದೇ ರಕ್ಷಣೆಯ ಯೋಜನೆ ಹಾಕಬೇಕೆಂದು 2006ರಲ್ಲಿ ಕಾನೂನು ತಂದರು. ನಾವುಂದದ ಅಜ್ಜಿ ಹೇಳಿದ್ದೂ ಅದನ್ನೇ ತಾನೆ?

ನಮ್ಮಲ್ಲಿ ದನ ಸತ್ತ ಮೇಲೆ ಪರಿಹಾರವಿದೆ. 2022ರಿಂದ 2026ರವರೆಗಿನ ಅವಧಿಗೆ ಕೇಂದ್ರ ಗೊತ್ತುಮಾಡಿದ ಪಟ್ಟಿಯಲ್ಲಿ ಹಾಲು ಕೊಡುವ ದನ, ಎಮ್ಮೆಗೆ 37,500 ರೂಪಾಯಿ, ಆಡು-ಕುರಿಗೆ 4,000, ಕೋಳಿಗೆ 100. ನಾಯಿಯ ಹೆಸರೇ ಇಲ್ಲ. ಅಜ್ಜಿಗೆ ಬೇಕಾದದ್ದು ಸತ್ತ ಮೇಲಿನ ಹಣವಲ್ಲ, ಇವತ್ತಿನ ಒಂದು ಕಟ್ಟು ಬೈಹುಲ್ಲು.

ಕೋಟದ ಕಾರಂತರ ‘ಚೋಮನ ದುಡಿ’ 1975ರಲ್ಲಿ ತೆರೆಗೆ ಬಂದಾಗ ಸ್ವರ್ಣಕಮಲ ಬಂತು, ಚೋಮನಾಗಿದ್ದ ವಾಸುದೇವ ರಾವ್ ಅವರಿಗೂ ರಾಷ್ಟ್ರಪ್ರಶಸ್ತಿ. ಉಳಲು ತುಂಡು ಭೂಮಿಯಿಲ್ಲದಿದ್ದರೂ ಚೋಮ ಆ ಎರಡು ಎತ್ತುಗಳನ್ನು ಮಾರಲು ಒಪ್ಪುವುದಿಲ್ಲ. ಯಾಕೆ ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಏನು ಒಯ್ಯಬೇಕು? ನಾನೇನು ಪಶುವೈದ್ಯನಲ್ಲ, ಹೈನು ಸಾಕಿದವರಿಂದ ಕೇಳಿದ್ದನ್ನು ಹೇಳುತ್ತೇನೆ. ಒಣ ಹುಲ್ಲು, ಹಿಂಡಿ, ತೌಡು, ಕುಡಿಯಲು ಒಳ್ಳೆಯ ನೀರು. ನೆನೆದು ಬೂಸ್ಟು ಹಿಡಿದ ಹುಲ್ಲು ಕೊಟ್ಟರೆ ಉಪಕಾರವಲ್ಲ, ವಿಷ. ಗಳಲೆ ರೋಗದ ಲಸಿಕೆ ಮಳೆಗಾಲಕ್ಕೆ ಮುಂಚೆಯೇ ಆಗಿರಬೇಕು, ಅದನ್ನು ಮೇ ತಿಂಗಳಲ್ಲೇ ಮನೆಮನೆಗೆ ನೆನಪು ಮಾಡಲು ಸಂಘದ ಹುಡುಗರಿಗೆ ಪೈಸೆಯೂ ಖರ್ಚಿಲ್ಲ. ನೀರು ಏರುವಾಗ ಮೊದಲು ಕೊರಳ ಹಗ್ಗ ಬಿಚ್ಚಿ. ದನ ಈಜುತ್ತದೆ, ಕಟ್ಟಿಹಾಕಿದ ದನ ಈಜಲಾರದು.

ಇನ್ನೊಂದು ಮಾತು, ಇದು ನನ್ನ ಹೊಟ್ಟೆಯೊಳಗಿನದು. ನನ್ನ ಹುಡುಗಾಟದ ವಯಸ್ಸಿನಲ್ಲಿ ಗಾಳಿಮಳೆಗೆ ದೋಣಿ ಕಳಕೊಂಡವರಿಗಾಗಿ ನಾವು ಕೆಲವರು ಸೇರಿ ಒಂದು ಸಹಾಯಾರ್ಥ ಆಟ ಆಡಿಸಿದೆವು. ಟಿಕೆಟು ಚೆನ್ನಾಗಿಯೇ ಹೋಯಿತು. ಮೇಳದ ವೀಳ್ಯ, ಶಾಮಿಯಾನ, ಲೈಟು, ಅತಿಥಿಗಳ ಹಾರ, ನಮ್ಮ ಕಾಫಿ ತಿಂಡಿ ಎಲ್ಲ ಕಳೆದು ಉಳಿದದ್ದನ್ನು ಹೇಳಲು ನಾಚಿಕೆ. ಲೆಕ್ಕ ಇದ್ದದ್ದು ಸಿಗರೇಟು ಪ್ಯಾಕಿನ ಹಿಂದೆ, ಅದೂ ಕಳೆದುಹೋಯಿತು. ಯಾರೂ ಕದಿಯಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆದರೆ ದೋಣಿ ಕಳಕೊಂಡ ಒಬ್ಬರು ಬಂದು, “ಆಟ ಲಾಯ್ಕ್ ಆಯ್ತ್ ಅಲ್ದಾ?” ಅಂದಷ್ಟೇ ಕೇಳಿ ಹೋದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಅದಕ್ಕೇ ಹೇಳುವುದು, ಬಂದದ್ದೆಷ್ಟು, ಹೋದದ್ದೆಷ್ಟು ಎಂದು ದೊಡ್ಡ ಅಕ್ಷರದಲ್ಲಿ ಬರೆದು ಜನ ಓಡಾಡುವ ಕಡೆ ಅಂಟಿಸಿ. ತಾರೆಯ ಫೋಟೋ ಇದ್ದರೂ ಸರಿ, ಲೆಕ್ಕ ಅದಕ್ಕಿಂತ ದೊಡ್ಡದಾಗಿರಲಿ. ಅಜ್ಜಿಯ ಕೈಗೆ ಬ್ರೆಡ್ ಕೊಡುವ ಫೋಟೋ ಮಾತ್ರ ದಯವಿಟ್ಟು ಬೇಡ.

ಇಷ್ಟು ಬರೆದು ಪೆನ್ನು ಮುಚ್ಚುವ ಹೊತ್ತಿಗೆ ಅದೇ ಹುಡುಗರ ಎರಡನೇ ಪತ್ರ! ನನ್ನ ಉತ್ತರಕ್ಕೆ ಕಾಯದೆ ಮರುದಿನವೇ ಹುಲ್ಲು ಕೊಂಡುಹೋಗಿದ್ದಾರೆ. ಎರಡು ದೋಣಿಗಳನ್ನು ಜೋಡಿಸಿ ಕಟ್ಟಿ, ಮೇಲೆ ಹಲಗೆ ಹಾಸಿ ದನ, ಕರುವನ್ನು ದಡಕ್ಕೆ ದಾಟಿಸಿದರಂತೆ. ಹಿಂದಿನ ದೋಣಿಯಲ್ಲಿ ಅಜ್ಜಿ, ಅವರ ಮಡಿಲಲ್ಲಿ ನಾಯಿ. ಪತ್ರದ ಜೊತೆ ಆಟೋ ಸ್ಟ್ಯಾಂಡಿನಲ್ಲಿ ಅಂಟಿಸಿದ ಲೆಕ್ಕದ ಒಂದು ಪ್ರತಿಯನ್ನೂ ಇಟ್ಟಿದ್ದಾರೆ. ಹುಲ್ಲು, ಹಿಂಡಿ, ದೋಣಿ ಬಾಡಿಗೆ, ಹಗ್ಗ, ಬ್ಯಾಂಡ್ ಸೆಟ್ಟಿನವರು ವಾಪಸು ಕೊಟ್ಟ ಅಡ್ವಾನ್ಸು. ಕೊನೆಯ ಸಾಲು: “ನಾಯಿಗೆ ಬಿಸ್ಕತ್ತು, 20 ರೂ.”