ಕನ್ನ ಹಾಕುವ ಕಾವಲುಗಾರರು

ಸಂಜೆಯಾಗುತ್ತಲೇ ಸ್ವಿಚ್ಚು ಒತ್ತುತ್ತೇವೆ, ಮನೆ ಬೆಳಗುತ್ತದೆ. ವಿದ್ಯುತ್ತಿನೊಡನೆ ನಮ್ಮಲ್ಲಿ ಬಹುಮಂದಿಗೆ ಇರುವ ಪರಿಚಯ ಇಷ್ಟೇ. ಆ ಬೆಳಕಿನ ಹಿಂದೆ ಎರಡು ಪ್ರವಾಹಗಳು ಹರಿಯುತ್ತಿರುತ್ತವೆ. ಒಂದು, ತಂತಿಗಳಲ್ಲಿ ಬರುವ ವಿದ್ಯುತ್ತು. ಇನ್ನೊಂದು, ಆ ವಿದ್ಯುತ್ತನ್ನು ಆಳುವ ಮಾತು. ಯಾವ ಮಾರ್ಗದ ಮೇಲೆ ಎಷ್ಟು ಹೊರೆಯಿದೆಯೆಂದು ಸಬ್‌ಸ್ಟೇಷನ್ನುಗಳು ಕ್ಷಣಕ್ಷಣಕ್ಕೂ ವರದಿ ಒಪ್ಪಿಸುತ್ತವೆ. ಇದನ್ನು ಜೋಡಿಸು, ಅದನ್ನು ಬೇರ್ಪಡಿಸು ಎಂದು ನಿಯಂತ್ರಣ ಕೇಂದ್ರವು ಅಪ್ಪಣೆ ಕೊಡುತ್ತದೆ. ಶತ್ರುವೊಬ್ಬನು ಈ ಮಾತಿನ ನಡುವೆ ನುಸುಳಿ, ಕೇಂದ್ರದ ದನಿಯಲ್ಲಿ ತಾನೇ ಅಪ್ಪಣೆ ಕೊಟ್ಟರೆ?

ಉಪಾಯವೇನೋ ಹಳೆಯದೇ. ‘ಮುದ್ರಾರಾಕ್ಷಸ’ದ ಕಥೆಯನ್ನು ಕೆಂಪುನಾರಾಯಣನು 1823ರಲ್ಲಿ ‘ಮುದ್ರಾಮಂಜೂಷ’ವೆಂಬ ಕನ್ನಡ ಗದ್ಯವಾಗಿ ಹೇಳಿದ್ದಾನೆ. ಅದರಲ್ಲಿ ಅಮಾತ್ಯ ರಾಕ್ಷಸನ ಉಂಗುರ ಚಾಣಕ್ಯನ ಕೈಸೇರುತ್ತದೆ. ತಾನು ಬರೆಯಿಸಿದ ಪತ್ರಕ್ಕೆ ಚಾಣಕ್ಯನು ಅದರ ಮುದ್ರೆಯೊತ್ತುತ್ತಾನೆ. ಮುದ್ರೆ ನಿಜ, ಒಕ್ಕಣೆ ಸುಳ್ಳು; ಅಷ್ಟಕ್ಕೇ ಒಂದು ಮೈತ್ರಿ ಮುರಿದುಬೀಳುತ್ತದೆ. ವಿದ್ಯುಜ್ಜಾಲದ ಹಳೆಯ ಯಂತ್ರಭಾಷೆಗಳಲ್ಲಾದರೋ ಅನೇಕಕ್ಕೆ ಮುದ್ರೆಯೆಂಬುದೇ ಇಲ್ಲ. 1979ರಲ್ಲಿ ಹುಟ್ಟಿ ಇಂದಿಗೂ ಬಳಕೆಯಲ್ಲಿರುವ ಮಾಡ್‌ಬಸ್ ಎಂಬ ಭಾಷೆಯಲ್ಲಿ, ಅಪ್ಪಣೆ ಕೊಟ್ಟವರು ಯಾರೆಂದು ಯಂತ್ರ ಕೇಳುವುದಿಲ್ಲ. ಅದನ್ನು ರೂಪಿಸಿದವರನ್ನು ದೂರುವಂತಿಲ್ಲ. ಆಗ ಮಾತೆಲ್ಲ ಕಾರ್ಖಾನೆಯ ಗೋಡೆಯೊಳಗೇ ನಡೆಯುತ್ತಿತ್ತು. ಹೊರಗಿನವರು ಬಂದಾರೆಂಬ ಶಂಕೆಗೆ ಆಸ್ಪದವಿರಲಿಲ್ಲ.

ಆದುದರಿಂದ ಈಗ ಕಾವಲುಗಾರರೇ ಕನ್ನ ಹಾಕಿ ನೋಡಬೇಕಾಗಿದೆ. 2007ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಐಡಾಹೊ ರಾಷ್ಟ್ರೀಯ ಪ್ರಯೋಗಾಲಯದವರು ‘ಅರೋರ’ ಎಂಬ ಹೆಸರಿನಲ್ಲಿ ಇಂಥದೊಂದು ಪರೀಕ್ಷೆ ಮಾಡಿದರು. 2.25 ಮೆಗಾವ್ಯಾಟಿನ ಡೀಸೆಲ್ ಜನರೇಟರನ್ನು ತಂದಿರಿಸಿ, ಅದರ ರಕ್ಷಣೆಗೆಂದೇ ಇದ್ದ ರಿಲೇ ಯಂತ್ರಕ್ಕೆ ದೂರದಿಂದ ದುರ್ಬೋಧನೆ ಮಾಡಿದರು. ಜನರೇಟರೂ ಜಾಲವೂ ಒಂದೇ ತಾಳದಲ್ಲಿ ನಡೆಯಬೇಕು. ರಿಲೇ ಅದನ್ನು ಜಾಲದಿಂದ ಬೇರ್ಪಡಿಸಿ, ತಾಳ ತಪ್ಪಿದ ಗಳಿಗೆಯನ್ನೇ ನೋಡಿ ಮರಳಿ ಜೋಡಿಸಿತು. ಮತ್ತೆ ಮತ್ತೆ ಹಾಗೆಯೇ ಮಾಡಿತು. ಕೆಲವೇ ನಿಮಿಷಗಳಲ್ಲಿ ಆ ದೈತ್ಯಯಂತ್ರ ನಡುಗಿ, ಹೊಗೆಯುಗುಳಿ, ಕೆಲಸಕ್ಕೆ ಬಾರದಂತಾಯಿತು. ಕಂಪ್ಯೂಟರಿನ ಕೆಲವು ಸಾಲುಗಳ ಬರಹ ಉಕ್ಕನ್ನೂ ಮುರಿಯಬಲ್ಲುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಪ್ರತಿ ಪರೀಕ್ಷೆಗೂ ಒಂದೊಂದು ಜನರೇಟರನ್ನು ಬಲಿಕೊಡಲಾದೀತೆ? ಆಸ್ಪತ್ರೆಗೂ ನೀರಿನ ಪಂಪಿಗೂ ಶಕ್ತಿ ಕೊಡುತ್ತಿರುವ ಜಾಲದ ಮೇಲಂತೂ ಈ ಆಟ ಸಲ್ಲದು. ಅದಕ್ಕಾಗಿ ಪ್ರಯೋಗಾಲಯದಲ್ಲಿ ಒಂದು ಮಾಯಾಜಾಲವನ್ನು ಹೂಡುತ್ತಾರೆ. ವಿದ್ಯುತ್ತು ಕಂಪ್ಯೂಟರಿನ ಲೆಕ್ಕದಲ್ಲಿ ಮಾತ್ರ ಹರಿಯುತ್ತದೆ. ರಿಲೇಗಳೂ ಅವುಗಳ ಮಾತೂ ನಿಜವೇ. ತಾನು ಕಾಯುತ್ತಿರುವುದು ನಿಜವಾದ ಮಾರ್ಗವೆಂದೇ ರಿಲೇ ನಂಬಿರುತ್ತದೆ. ಆಮೇಲೆ ಕಳ್ಳನ ವೇಷದವರು ಒಳಹೊಗುತ್ತಾರೆ. ಬೇಡದ ಸಂದೇಶಗಳನ್ನು ಸುರಿದು ಮಾತಿನ ದಾರಿಯನ್ನೇ ಕಟ್ಟುವುದು ಒಂದು ಬಗೆ. ನಡುದಾರಿಯಲ್ಲಿ ಅಂಕಿಗಳನ್ನು ತಿದ್ದುವುದು ಇನ್ನೊಂದು. ನೆಮ್ಮದಿಯಾಗಿದ್ದ ದಿನದ ವರದಿಯನ್ನೇ ಮರಳಿ ಕಳುಹಿಸಿ, ಒಳಗೆ ಅನಾಹುತ ನಡೆಯುತ್ತಿರುವಾಗ ‘ಎಲ್ಲವೂ ಕ್ಷೇಮ’ ಎಂದು ಕೇಂದ್ರವನ್ನು ನಂಬಿಸುವುದು ಮತ್ತೊಂದು. ಕಾವಲಿನವರು ಎಷ್ಟು ಹೊತ್ತಿಗೆ ಎಚ್ಚೆತ್ತರು, ಸುಳ್ಳು ಅಪ್ಪಣೆಗೆ ಯಾವ ಯಂತ್ರ ತಲೆಬಾಗಿತು ಎಂಬುದನ್ನೆಲ್ಲ ಬರೆದಿಡುತ್ತಾರೆ.

ಕಳ್ಳರಿಗೆ ವಿದ್ಯೆ ಕಲಿಸಿದಂತಾಗಲಿಲ್ಲವೆ ಎಂದು ಕೇಳುವವರುಂಟು. ಕಳ್ಳರು ನಮ್ಮ ಪಾಠಕ್ಕಾಗಿ ಕಾದು ಕುಳಿತಿಲ್ಲ. 2015ರ ಡಿಸೆಂಬರ್ 23ರಂದು, ಚಳಿಗಾಲದಲ್ಲಿ, ಉಕ್ರೇನಿನ ಮೂರು ವಿದ್ಯುತ್ ಕಂಪನಿಗಳ ಮೇಲೆ ದಾಳಿ ನಡೆಯಿತು. ಇ-ಮೇಲಿನ ಮೂಲಕ ತಿಂಗಳುಗಳ ಹಿಂದೆಯೇ ಒಳಸೇರಿದ್ದವರು ಎಲ್ಲವನ್ನೂ ಅರಿತುಕೊಂಡಿದ್ದರು. ಆ ದಿನ ನೌಕರರ ಕಣ್ಣೆದುರಿಗೇ ತೆರೆಯ ಮೇಲಿನ ಬಾಣದ ಗುರುತು ತಾನಾಗಿಯೇ ಚಲಿಸಿ ಒಂದೊಂದೇ ಮಾರ್ಗವನ್ನು ಬೇರ್ಪಡಿಸಿತು. ಸುಮಾರು 30 ಸಬ್‌ಸ್ಟೇಷನ್ನುಗಳು ನಿಂತವು. ಸುಮಾರು 2,25,000 ಗ್ರಾಹಕರಿಗೆ ವಿದ್ಯುತ್ತು ಇಲ್ಲವಾಯಿತು. ದೂರು ಹೇಳೋಣವೆಂದರೆ ಸುಳ್ಳು ಕರೆಗಳಿಂದ ದೂರವಾಣಿಯೂ ತುಂಬಿಹೋಗಿತ್ತು.

ಆದರೂ ಕೆಲವೇ ಗಂಟೆಗಳಲ್ಲಿ ಬೆಳಕು ಮರಳಿತು. ಹೇಗೆಂದರೆ, ಕಂಪ್ಯೂಟರುಗಳನ್ನು ಪಕ್ಕಕ್ಕಿರಿಸಿ, ನೌಕರರು ಸಬ್‌ಸ್ಟೇಷನ್ನುಗಳಿಗೆ ಧಾವಿಸಿ, ಕೈಯಿಂದಲೇ ಸ್ವಿಚ್ಚುಗಳನ್ನು ಹಾಕಿದರು. ಈ ಪರೀಕ್ಷೆಗಳ ಮರ್ಮವಿರುವುದು ಇಲ್ಲಿಯೇ. ಬೀಗದ ದೋಷವನ್ನು ತಿಳಿಯುವುದು ಅರ್ಧ ಕೆಲಸ. ಬೀಗ ಮುರಿದ ಮೇಲೆ ಮನೆಯವರು ಏನು ಮಾಡಬೇಕೆಂಬುದನ್ನು ರೂಢಿಮಾಡಿಸುವುದು ಇನ್ನರ್ಧ. 2018ರ ನವೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಪ್ಲಮ್ ದ್ವೀಪದಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪ ಮಾಡಿಸಿದ್ದು ಇದನ್ನೇ. ಪೂರ್ತಿ ಕತ್ತಲಾದ ಜಾಲಕ್ಕೆ ಮತ್ತೆ ಜೀವ ತುಂಬಬೇಕು. ಎಂಜಿನಿಯರುಗಳು ಕಟ್ಟಿದ್ದನ್ನು ಎದುರಾಳಿಯ ಪಾತ್ರದವರು ಕೆಡವುತ್ತಲೇ ಇರುವರು. ಎಲ್ಲವನ್ನೂ ಯಂತ್ರಕ್ಕೆ ಒಪ್ಪಿಸಿ, ಕೈಕೆಲಸ ಬಲ್ಲ ತಲೆಮಾರು ನಿವೃತ್ತಿಯಾದ ಬಳಿಕ ದಾಳಿ ನಡೆದರೆ, ಸಬ್‌ಸ್ಟೇಷನ್ನಿಗೆ ಧಾವಿಸುವವರು ಅಲ್ಲಿ ಹೋಗಿ ಏನು ಮಾಡಿಯಾರು?

ಈ ಪ್ರಶ್ನೆ ಪರದೇಶದ್ದು ಮಾತ್ರವಲ್ಲ. ದಕ್ಷಿಣದ ರಾಜ್ಯಗಳ ಜಾಲವನ್ನು ನೋಡಿಕೊಳ್ಳುವ ಪ್ರಾದೇಶಿಕ ಹೊರೆ ರವಾನೆ ಕೇಂದ್ರವಿರುವುದು ನಮ್ಮ ಬೆಂಗಳೂರಿನಲ್ಲಿಯೇ. ವಿದ್ಯುತ್ ಕ್ಷೇತ್ರದ ಸೈಬರ್ ರಕ್ಷಣೆಗೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರವು 2021ರ ಅಕ್ಟೋಬರಿನಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿದೆ. ಆದರೆ ಕಾಗದದ ಮೇಲಿನ ಸೂಚನೆ ಕೈಗೆ ಇಳಿಯಬೇಕಾದರೆ ಅಭ್ಯಾಸ ಬೇಕು, ಅಭ್ಯಾಸಕ್ಕೆ ಹಣ ಬೇಕು. ಏನೂ ಆಗಿಲ್ಲವಲ್ಲ, ಈ ವೆಚ್ಚವೇಕೆ ಎಂಬ ಆಕ್ಷೇಪ ಲೆಕ್ಕ ನೋಡುವವರ ಬಾಯಲ್ಲಿ ಬರುವುದು ಸಹಜ.

ನಮ್ಮ ಕಾಲೇಜುಗಳಲ್ಲಿ ಪರೀಕ್ಷೆಯಾದ ಮೇಲೆ ತೇರ್ಗಡೆಯಾದವರಿಗೆ ಸಿಹಿ ಹಂಚುತ್ತಾರೆ. ವಿದ್ಯುಜ್ಜಾಲದ ಈ ಪರೀಕ್ಷೆಯ ರೀತಿಯೇ ಬೇರೆ. ಇಲ್ಲಿ ಅನುತ್ತೀರ್ಣವಾದ ಪ್ರತಿ ಸಲವೂ ಊರಿಗೆ ಒಂದು ಕತ್ತಲೆ ತಪ್ಪೀತು. ತಪ್ಪನ್ನು ಕಂಡ ಮೇಲೆ ತಿದ್ದಿಕೊಳ್ಳುವ ಮನಸ್ಸೊಂದು ಇರಬೇಕು, ಅಷ್ಟೇ.