ಲೆಕ್ಕ ಕೇಳೋರಿಲ್ಲದ ತಾಲೂಕು

ದೂರದೇಶದ ಅಧ್ಯಕ್ಷ ಸಂಸತ್ತನ್ನು ಮೂಲೆಗೆ ತಳ್ಳಿದರೆ ನಾವು ಚಹಾ ಕುಡೀತಾ ಕೂಗಾಡ್ತೀವಿ. ನಮ್ಮ ವಿಜಯಪುರದಾಗ ಏನಾಗೈತಿ? ಜಿಲ್ಲಾ, ತಾಲೂಕು ಪಂಚಾಯಿತಿಗಳಿಗೆ 2016ರಲ್ಲಿ ಆರಿಸಿದವರ ಅವಧಿ 2021ರಲ್ಲೇ ಮುಗೀತು. ಅವಧಿ ಮುಗಿಯೋದರೊಳಗ ಚುನಾವಣೆ ಆಗಬೇಕು ಅನ್ನುತ್ತದೆ ಸಂವಿಧಾನದ 243ಇ ವಿಧಿ. ಸರ್ಕಾರವೋ, ಕ್ಷೇತ್ರ ವಿಂಗಡಣೆಯ ಅಧಿಕಾರವನ್ನೇ ರಾಜ್ಯ ಚುನಾವಣಾ ಆಯೋಗದಿಂದ ಕಿತ್ತು, ತಾನು ನೇಮಿಸಿದ ಬೇರೆ ಆಯೋಗಕ್ಕೆ ಕೊಟ್ಟಿತು. ಆಗ ಇದ್ದದ್ದು ಬಿಜೆಪಿ. 2023ರಲ್ಲಿ ಕಾಂಗ್ರೆಸ್ ಬಂತು; 2024 ಮುಗಿದರೂ ಚುನಾವಣೆ ಬರಲಿಲ್ಲ. ತಿಕೋಟಾ, ಬಬಲೇಶ್ವರ ಹೊಸ ತಾಲೂಕಾದವು. ತಾಲೂಕಾದ ಮೇಲೆ ಅಲ್ಲಿಯ ಜನ ತಾಲೂಕು ಪಂಚಾಯಿತಿಗೆ ಓಟು ಹಾಕೇ ಇಲ್ಲ. ಖರ್ಚು ಮಾಡೋರೂ ಅಧಿಕಾರಿಗಳೇ, ಅದಕ್ಕೆ ಒಪ್ಪಿಗೆ ಕೊಡೋರೂ ಅಧಿಕಾರಿಗಳೇ. ಬರೆದವನೇ ತನ್ನ ಕೋಡ್ ಪಾಸು ಮಾಡಿಕೊಂಡರೆ ನಾವು ಒಪ್ತೀವೇನು? ಊರಿಗೆ ಹೋದಾಗ ಬರೀ ರಸ್ತೆ ಬೈಬ್ಯಾಡ್ರಿ. ಶಾಸಕರನ್ನ ನಿಲ್ಲಿಸಿ ಕೇಳ್ರಿ: ಚುನಾವಣೆ ಯಾವಾಗ?